ಮೊದಲ ಮೋಟಾರು ಗಾಡಿ, ಮೊದಲ ಅನುಮತಿ ಪತ್ರ: ಕಾರ್ಲ್ ಬೆಂಜ್ ಅವರ ಬದುಕು

ಹೊಸ ಕಾರನ್ನೋ ಸ್ಕೂಟರನ್ನೋ ಕೊಂಡವರು ಅದನ್ನು ಮೊದಲು ಇಗರ್ಜಿಯ ಅಂಗಳಕ್ಕೆ ತಂದು ಆಶೀರ್ವಾದ ಪಡೆಯುವುದು ನಮ್ಮ ಕರಾವಳಿಯ ಧರ್ಮಕೇಂದ್ರಗಳಲ್ಲಿ ರೂಢಿಯಾಗಿದೆ. ಧರ್ಮಸಭೆಯ ಹಳೆಯ ವಿಧಿಪುಸ್ತಕದಲ್ಲಿ ವಾಹನಗಳಿಗೆಂದೇ ಒಂದು ಪ್ರಾರ್ಥನೆ ಇದೆ. ರಥದಲ್ಲಿ ಕುಳಿತು ಪವಿತ್ರ ಗ್ರಂಥವನ್ನು ಓದುತ್ತಿದ್ದ ಇಥಿಯೋಪಿಯದ ಅಧಿಕಾರಿಯನ್ನು ಫಿಲಿಪ್ಪನು ಸಂಧಿಸಿದ ಪ್ರಸಂಗವನ್ನು (ಪ್ರೇಷಿತರ ಕಾರ್ಯಕಲಾಪಗಳು, ಅಧ್ಯಾಯ 8) ಅದು ನೆನೆಯುತ್ತದೆ. ಆದರೆ ಗುರುಗಳ ತೀರ್ಥ ಬಿದ್ದ ಮಾತ್ರಕ್ಕೆ ಗಾಡಿ ರಸ್ತೆಗಿಳಿಯುವಂತಿಲ್ಲ. ಆರ್.ಟಿ.ಒ. ಕಚೇರಿಯ ಒಪ್ಪಿಗೆಯೂ ಬೇಕು. ಮಂಗಳೂರಿನವರಾದರೆ ಕೆಎ-19, ಉಡುಪಿಯವರಾದರೆ ಕೆಎ-20 ಎಂದು ಆರಂಭವಾಗುವ ಫಲಕ ಬೇಕು. ಕಾರು ಎಂಬ ವಸ್ತು ಹುಟ್ಟಿದ ಕಥೆಯನ್ನೂ ಅದಕ್ಕೆ ಸರಕಾರದ ಅನುಮತಿ ಕೇಳುವ ಪದ್ಧತಿ ಹುಟ್ಟಿದ ಕಥೆಯನ್ನೂ ಹುಡುಕುತ್ತಾ ಹೋದರೆ ಎರಡರ ಮೊದಲ ಪುಟಗಳಲ್ಲಿಯೂ ಸಿಗುವ ಹೆಸರು ಜರ್ಮನಿಯ ಕಾರ್ಲ್ ಬೆಂಜ್ ಅವರದು. ಬೆಂಜ್ ಎಂದರೆ ಇಂದು ನಮಗೆ ಸಿರಿವಂತರ ಕಾರು ನೆನಪಾಗುತ್ತದೆ. ಆ ಹೆಸರಿನ ಮನುಷ್ಯ ಮಾತ್ರ ಬಡ ವಿಧವೆಯ ಒಬ್ಬನೇ ಮಗ.

ಕಾರ್ಲ್ ಹುಟ್ಟಿದ್ದು 1844ರ ನವೆಂಬರ್ 25ರಂದು, ಈಗ ಕಾರ್ಲ್ಸ್‌ರೂಹೆ ನಗರದೊಳಗೆ ಸೇರಿರುವ ಮ್ಯೂಲ್‌ಬುರ್ಗ್‌ನಲ್ಲಿ. ಆಗ ಅದು ಬಾಡೆನ್ ಸಂಸ್ಥಾನಕ್ಕೆ ಸೇರಿತ್ತು. ತಾಯಿ ಜೋಸೆಫೀನ್ ವೈಲಾಂಟ್, ತಂದೆ ಯೊಹಾನ್ ಗೇಯೊರ್ಗ್ ಬೆಂಜ್. ತಂದೆತಾಯಿಯ ವಿವಾಹ ನೆರವೇರಿದ್ದು ಮಗು ಹುಟ್ಟಿ ಕೆಲವು ತಿಂಗಳುಗಳಾದ ಮೇಲೆ. ಹಾಗಾಗಿ ಮೊದಲು ತಾಯಿಯ ಮನೆತನದ ಹೆಸರನ್ನು ಹೊತ್ತ ಮಗು ಬಳಿಕ ಬೆಂಜ್ ಆಯಿತು. ತಂದೆ ರೈಲಿನ ಎಂಜಿನ್ ಚಾಲಕರು. ಆ ಕಾಲದ ಎಂಜಿನ್‌ಗಳಲ್ಲಿ ಚಾಲಕನ ತಲೆಯ ಮೇಲೆ ಸೂರು ಇರಲಿಲ್ಲ. ಚಳಿ ಗಾಳಿ ಮಳೆ ಎಲ್ಲವನ್ನೂ ಮೈಮೇಲೆಯೇ ತೆಗೆದುಕೊಳ್ಳಬೇಕಿತ್ತು. 1846ರಲ್ಲಿ ಅವರು ನ್ಯುಮೋನಿಯಾದಿಂದ ತೀರಿಕೊಂಡರು. ಮಗನಿಗೆ ಆಗ ಎರಡು ವರ್ಷವೂ ತುಂಬಿರಲಿಲ್ಲ.

ಕೈಯಲ್ಲಿ ಕಾಸಿಲ್ಲದಿದ್ದರೂ ಜೋಸೆಫೀನ್ ಮಗನ ಓದನ್ನು ನಿಲ್ಲಿಸಲಿಲ್ಲ. ಗಂಡನನ್ನು ಕೊಂಡೊಯ್ದ ಯಂತ್ರಗಳ ಲೋಕಕ್ಕೆ ಮಗ ಹೋಗಬಾರದು, ಸರಕಾರಿ ನೌಕರಿ ಹಿಡಿದು ನೆಮ್ಮದಿಯಾಗಿರಲಿ ಎಂಬುದು ಆಕೆಯ ಆಸೆಯಾಗಿತ್ತು. ಎಷ್ಟೋ ತಾಯಂದಿರ ಆಸೆ ಅದೇ ತಾನೆ! ಆದರೆ ಹುಡುಗನ ಮನಸ್ಸು ಎಂಜಿನ್‌ಗಳಲ್ಲೇ ಇತ್ತು. ತಾಯಿ ಕೊನೆಗೆ ಒಪ್ಪಿದರು. 1860ರಲ್ಲಿ, ಇನ್ನೂ ಹದಿನೈದರ ಪ್ರಾಯದಲ್ಲಿ, ಕಾರ್ಲ್ ಕಾರ್ಲ್ಸ್‌ರೂಹೆಯ ಪಾಲಿಟೆಕ್ನಿಕ್ ಸೇರಿ ಫರ್ಡಿನಾಂಡ್ ರೆಡ್ಟೆನ್‌ಬಾಕರ್ ಎಂಬ ಹೆಸರಾಂತ ಪ್ರಾಧ್ಯಾಪಕರ ಕೈಕೆಳಗೆ ಯಂತ್ರಶಾಸ್ತ್ರ ಕಲಿತರು. 1864ರಲ್ಲಿ ಓದು ಮುಗಿಯಿತು. ಬಳಿಕ ಏಳು ವರ್ಷ ಅಲ್ಲಿ ಇಲ್ಲಿ ದುಡಿಮೆ: ಕಾರ್ಲ್ಸ್‌ರೂಹೆಯ ಯಂತ್ರ ಕಾರ್ಖಾನೆ, ಮ್ಯಾನ್‌ಹೈಮ್‌ನ ತಕ್ಕಡಿ ತಯಾರಿಸುವ ಕಾರ್ಖಾನೆ, ಫೋರ್ಟ್ಸ್‌ಹೈಮ್‌ನ ಸೇತುವೆ ಕಟ್ಟುವ ಕಂಪೆನಿ, ಸ್ವಲ್ಪ ಕಾಲ ವಿಯೆನ್ನಾ. ಕುದುರೆಯಿಲ್ಲದೆ ತಾನಾಗಿ ಓಡುವ ಗಾಡಿಯ ಯೋಚನೆ ಈ ದಿನಗಳಲ್ಲೇ ತಲೆಯೊಳಗೆ ಹೊಕ್ಕಿತ್ತು. ಮಗನ ಗಾಡಿಯನ್ನು ಕಾಣುವ ಭಾಗ್ಯ ತಾಯಿಗೆ ಇರಲಿಲ್ಲ. ಅವರು 1870ರಲ್ಲಿಯೇ ನಿಧನರಾದರು.

1871ರಲ್ಲಿ ಆಗುಸ್ಟ್ ರಿಟ್ಟರ್ ಎಂಬವರ ಪಾಲುದಾರಿಕೆಯಲ್ಲಿ ಕಾರ್ಲ್ ಮ್ಯಾನ್‌ಹೈಮ್‌ನಲ್ಲಿ ಸ್ವಂತ ವರ್ಕ್‌ಶಾಪ್ ತೆರೆದರು. ಮೊದಲ ವರ್ಷವೇ ವ್ಯವಹಾರ ಕುಸಿಯಿತು, ಉಪಕರಣಗಳು ಜಪ್ತಿಯಾದವು. ಪಾಲುದಾರನ ಮೇಲೆ ಭರವಸೆ ಉಳಿದಿರಲಿಲ್ಲ. ಆಗ ನೆರವಿಗೆ ಬಂದವರು ಕಾರ್ಲ್ ಮದುವೆಯಾಗಲಿದ್ದ ಬರ್ತಾ ರಿಂಗರ್, ಫೋರ್ಟ್ಸ್‌ಹೈಮ್‌ನ ಅನುಕೂಲಸ್ಥ ಕುಟುಂಬದ ಮಗಳು. ತನಗೆ ಬರಬೇಕಾದ ವರದಕ್ಷಿಣೆಯ ಹಣವನ್ನು ಮದುವೆಗೆ ಮೊದಲೇ ಪಡೆದು ಅದರಿಂದ ರಿಟ್ಟರ್‌ನ ಪಾಲನ್ನು ಬಿಡಿಸಿಕೊಟ್ಟರು. ಇಲ್ಲೊಂದು ಸೂಕ್ಷ್ಮವಿದೆ. ಅವಿವಾಹಿತೆಯಾಗಿ ಆ ಹಣವನ್ನು ತನ್ನಿಚ್ಛೆಯಂತೆ ಹೂಡಲು ಬರ್ತಾ ಅವರಿಗೆ ಸಾಧ್ಯವಿತ್ತು. ಮದುವೆಯಾದ ಬಳಿಕ ಆಗಿನ ಕಾನೂನಿನಂತೆ ಹೆಂಡತಿಗೆ ಆ ಸ್ವಾತಂತ್ರ್ಯ ಇರಲಿಲ್ಲ, ಪೇಟೆಂಟ್ ಕೂಡ ಆಕೆಯ ಹೆಸರಿನಲ್ಲಿ ಆಗುತ್ತಿರಲಿಲ್ಲ. ಹಾಗಾಗಿ ದಾಖಲೆಗಳಲ್ಲೆಲ್ಲ ಗಂಡನ ಹೆಸರೇ ಇದೆ. 1872ರ ಜುಲೈ 20ರಂದು ಅವರ ವಿವಾಹವಾಯಿತು. ಮುಂದೆ ಐವರು ಮಕ್ಕಳು: ಓಯ್‌ಗನ್, ರಿಚರ್ಡ್, ಕ್ಲಾರಾ, ಟಿಲ್ಡೆ ಮತ್ತು ಎಲ್ಲೆನ್.

ಮದುವೆಯಾದ ಮೇಲೂ ವರ್ಷಗಟ್ಟಲೆ ಬಡತನ ತಪ್ಪಲಿಲ್ಲ. ಸಾಲ ತೀರಿಸಲು ಒಂದು ಹೊಸ ಎಂಜಿನ್ ಮಾಡಿ ಮಾರಬೇಕೆಂದು ಕಾರ್ಲ್ ಹಟ ಹಿಡಿದರು. ನಾಲ್ಕು ಹೊಡೆತದ ಎಂಜಿನ್‌ನ ಪೇಟೆಂಟ್ ನಿಕೊಲಾಸ್ ಓಟ್ಟೊ ಅವರ ಕೈಯಲ್ಲಿ ಇದ್ದುದರಿಂದ ಇವರು ಎರಡು ಹೊಡೆತದ ಗ್ಯಾಸ್ ಎಂಜಿನ್ ಕಟ್ಟತೊಡಗಿದರು. ಅದು ಮೊದಲ ಬಾರಿಗೆ ಸರಿಯಾಗಿ ಓಡಿದ್ದು 1879ರ ಡಿಸೆಂಬರ್ 31ರ ರಾತ್ರಿ. ಊಟವಾದ ಮೇಲೆ ಇನ್ನೊಮ್ಮೆ ನೋಡಿ ಬರೋಣವೆಂದು ಗಂಡಹೆಂಡಿರು ವರ್ಕ್‌ಶಾಪಿಗೆ ಹೋಗಿದ್ದರು. ಎಂಜಿನ್ ಹದವಾಗಿ ಸದ್ದು ಮಾಡುತ್ತಿದ್ದಂತೆ ಊರಿನ ಗಂಟೆಗಳು ಹೊಸ ವರ್ಷವನ್ನು ಸಾರಿದವು ಎಂದು ಮುಪ್ಪಿನಲ್ಲಿ ಬರೆದ ಆತ್ಮಕಥೆಯಲ್ಲಿ ಬೆಂಜ್ ನೆನಪಿಸಿಕೊಂಡಿದ್ದಾರೆ.

ಎಂಜಿನ್ ಗೆದ್ದಿತು, ಆದರೆ ಬಂಡವಾಳ ಹಾಕಿದವರು ಕಂಪೆನಿಯನ್ನೇ ತಮ್ಮದಾಗಿಸಿಕೊಂಡರು. 1883ರಲ್ಲಿ ಬೆಂಜ್ ಅಲ್ಲಿಂದ ಹೊರಬಂದು, ಸೈಕಲ್ ವ್ಯವಹಾರದಲ್ಲಿದ್ದ ಮಾಕ್ಸ್ ರೋಸ್ ಮತ್ತು ಫ್ರೀಡ್ರಿಕ್ ಎಸ್ಲಿಂಗರ್ ಅವರೊಂದಿಗೆ ಬೆಂಜ್ ಆಂಡ್ ಕಂಪೆನಿಯನ್ನು ಕಟ್ಟಿದರು. ಹೊಟ್ಟೆಪಾಡಿಗೆ ಗ್ಯಾಸ್ ಎಂಜಿನ್ ಮಾರಾಟ, ಉಳಿದ ಹೊತ್ತಿನಲ್ಲಿ ಕನಸಿನ ಗಾಡಿ. ಸೈಕಲ್‌ನ ಸಹವಾಸ ಆ ಗಾಡಿಯಲ್ಲೂ ಕಾಣುತ್ತದೆ. ಕುದುರೆಗಾಡಿಗೆ ಎಂಜಿನ್ ಸಿಕ್ಕಿಸುವ ಬದಲು ಬೆಂಜ್ ಎಲ್ಲವನ್ನೂ ಒಂದೇ ಯಂತ್ರವಾಗಿ ಯೋಚಿಸಿದರು: ಕಡ್ಡಿಗಳಿರುವ ಮೂರು ಚಕ್ರ, ಉಕ್ಕಿನ ಕೊಳವೆಗಳ ಚೌಕಟ್ಟು, ಹಿಂಬದಿಯಲ್ಲಿ ಒಂದೇ ಸಿಲಿಂಡರಿನ 954 ಸಿ.ಸಿ. ಎಂಜಿನ್, ವಿದ್ಯುತ್ ಕಿಡಿಯಿಂದ ಹೊತ್ತುವ ಇಂಧನ. ಶಕ್ತಿ ಒಂದು ಕುದುರೆಯದೂ ಅಲ್ಲ, ಮುಕ್ಕಾಲು ಕುದುರೆಯದು! ವೇಗ ಗಂಟೆಗೆ ಸುಮಾರು 16 ಕಿ.ಮೀ.

1886ರ ಜನವರಿ 29ರಂದು ಬೆಂಜ್ ಈ ವಾಹನಕ್ಕೆ ಪೇಟೆಂಟ್ ಅರ್ಜಿ ಸಲ್ಲಿಸಿದರು. ಅದರ ಸಂಖ್ಯೆ 37435. ಕಾರಿನ ಜನನ ಪ್ರಮಾಣಪತ್ರವೆಂದು ಕರೆಯಲಾಗುವ ಈ ಕಾಗದವನ್ನು ಯುನೆಸ್ಕೊ 2011ರಲ್ಲಿ ವಿಶ್ವ ಸ್ಮರಣೆಯ ದಾಖಲೆಗಳ ಪಟ್ಟಿಗೆ ಸೇರಿಸಿತು. ಜುಲೈ 3ರಂದು ಮ್ಯಾನ್‌ಹೈಮ್‌ನ ಬೀದಿಯಲ್ಲಿ ಜನರೆದುರು ಗಾಡಿ ಓಡಿತು. ಆದರೆ ಕೊಳ್ಳುವವರು ಇರಲಿಲ್ಲ. ಸದ್ದು ಮಾಡುವ, ಹೊಗೆಯುಗುಳುವ, ಕುದುರೆಗಳನ್ನು ಬೆದರಿಸುವ ಈ ವಸ್ತು ಯಾರಿಗೆ ಬೇಕು? ಬೆಂಜ್ ಅವರಿಗೆ ಯಂತ್ರ ಕಟ್ಟುವುದು ಗೊತ್ತಿತ್ತು, ಮಾರುವುದು ಗೊತ್ತಿರಲಿಲ್ಲ. ಇನ್ನೂ ತಿದ್ದಬೇಕು, ಇನ್ನೂ ಸರಿಪಡಿಸಬೇಕು ಎಂದು ಗಾಡಿಯನ್ನು ಮನೆಯಲ್ಲೇ ಇಟ್ಟುಕೊಳ್ಳುವ ಸ್ವಭಾವ ಅವರದು.

ವಾಹನ ನೋಂದಣಿಯ ಚರಿತ್ರೆ ಶುರುವಾಗುವುದು ಇಲ್ಲಿಂದ. ಸಾರ್ವಜನಿಕ ರಸ್ತೆಯಲ್ಲಿ ಇಂಥ ಗಾಡಿಯನ್ನು ಓಡಿಸಲು ಯಾವ ಕಾನೂನೂ ಇರಲಿಲ್ಲ. ತಡೆಯಲೂ ಇರಲಿಲ್ಲ. ನೆರೆಹೊರೆಯವರ ದೂರುಗಳು ಮಾತ್ರ ಬರುತ್ತಿದ್ದವು. ಬೆಂಜ್ ತಾವಾಗಿಯೇ ಅಧಿಕಾರಿಗಳ ಅನುಮತಿ ಕೇಳಿದರು. 1888ರ ಆಗಸ್ಟ್ 1ರಂದು ಮ್ಯಾನ್‌ಹೈಮ್ ಜಿಲ್ಲಾ ಕಚೇರಿಯು ಪೇಟೆಂಟ್ ಮೋಟಾರು ಗಾಡಿಯನ್ನು ಪ್ರಾಯೋಗಿಕವಾಗಿ ಓಡಿಸಲು ಅವರಿಗೆ ಲಿಖಿತ ಅನುಮತಿ ಕೊಟ್ಟಿತು. ಜಗತ್ತಿನ ಮೊದಲ ಡ್ರೈವಿಂಗ್ ಲೈಸನ್ಸ್ ಎಂದು ಇದನ್ನೇ ಹೇಳುತ್ತಾರೆ. ನಿಜವಾಗಿ ನೋಡಿದರೆ ಅದು ಲೈಸನ್ಸೂ ಹೌದು, ಪರ್ಮಿಟ್ಟೂ ಹೌದು. ಚಾಲಕನ ಪರೀಕ್ಷೆ ನಡೆಸಿ ಕೊಟ್ಟದ್ದಲ್ಲ. ಈ ವಾಹನ ಇಂಥವರದು, ಇಂಥ ಊರುಗಳಲ್ಲಿ ಓಡಬಹುದು ಎಂಬ ಒಪ್ಪಿಗೆ ಅದು. ಮ್ಯಾನ್‌ಹೈಮ್ ಮತ್ತು ಸುತ್ತಲಿನ ಊರುಗಳಿಗೆ ಮಾತ್ರ ಅನ್ವಯಿಸುತ್ತಿತ್ತು.

ಆ ಕಾಗದದ ಶಾಯಿ ಒಣಗುವ ಮೊದಲೇ, ಅದೇ ಆಗಸ್ಟ್ ತಿಂಗಳ ಆರಂಭದ ಒಂದು ಮುಂಜಾನೆ, ಬರ್ತಾ ಬೆಂಜ್ ಗಂಡನಿಗೆ ಹೇಳದೆ ಗಾಡಿಯನ್ನು ಹೊರಗೆ ತಂದರು. ಜೊತೆಗೆ ಹದಿನೈದರ ಓಯ್‌ಗನ್, ಹದಿಮೂರರ ರಿಚರ್ಡ್. ಹೊರಟದ್ದು ಫೋರ್ಟ್ಸ್‌ಹೈಮ್‌ನ ತವರುಮನೆಗೆ, ಸುಮಾರು 106 ಕಿ.ಮೀ. ದೂರ. ಅಲ್ಲಿಯವರೆಗೆ ಯಾರೂ ಮೋಟಾರು ಗಾಡಿಯಲ್ಲಿ ಅಷ್ಟು ದೂರ ಹೋಗಿರಲಿಲ್ಲ. ಗಂಡನ ಅನುಮತಿಯೂ ಇಲ್ಲ, ಸರಕಾರದ ಅನುಮತಿಯ ಗಡಿಯೂ ದಾಟಿತು. ಪೆಟ್ರೋಲ್ ಪಂಪುಗಳಿಲ್ಲದ ಕಾಲ. ವೀಸ್ಲೋಕ್ ಊರಿನ ಔಷಧಿ ಅಂಗಡಿಯಲ್ಲಿ, ಕಲೆ ತೆಗೆಯಲು ಬಳಸುತ್ತಿದ್ದ ಲಿಗ್ರೋಯಿನ್ ಎಂಬ ದ್ರವವನ್ನು ಕೊಂಡು ಇಂಧನವಾಗಿ ತುಂಬಿಸಿದರು. ಆ ಅಂಗಡಿ ಇಂದಿಗೂ ಜಗತ್ತಿನ ಮೊದಲ ಪೆಟ್ರೋಲ್ ಪಂಪ್ ಎಂದು ಹೆಸರು ಪಡೆದಿದೆ. ಇಂಧನದ ಕೊಳವೆ ಕಟ್ಟಿದಾಗ ಟೊಪ್ಪಿಯ ಪಿನ್ನಿನಿಂದ ಬಿಡಿಸಿದರು. ಕಿಡಿಯ ತಂತಿ ಸವೆದಾಗ ಕಾಲುಚೀಲದ ಪಟ್ಟಿಯನ್ನು ಸುತ್ತಿದರು. ಏರಿನಲ್ಲಿ ಮಕ್ಕಳು ಇಳಿದು ನೂಕಿದರು. ಇಳಿಜಾರಿನಲ್ಲಿ ಮರದ ಬ್ರೇಕ್ ಸವೆದುಹೋದಾಗ ಚಮ್ಮಾರನೊಬ್ಬನಿಂದ ಅದಕ್ಕೆ ತೊಗಲು ಹೊಡೆಸಿದರು. ಬ್ರೇಕ್ ಲೈನಿಂಗ್ ಎಂದು ನಾವು ಗ್ಯಾರೇಜಿನಲ್ಲಿ ಬದಲಾಯಿಸುವ ವಸ್ತು ಹುಟ್ಟಿದ್ದು ಹೀಗೆ. ಸಂಜೆ ಕತ್ತಲಾಗುವಾಗ ತಲುಪಿ ಗಂಡನಿಗೆ ತಂತಿ ಕಳುಹಿಸಿದರು, ಕೆಲವು ದಿನಗಳ ಬಳಿಕ ಅದೇ ಗಾಡಿಯಲ್ಲಿ ಹಿಂದಿರುಗಿದರು. ಏರು ಹತ್ತಲು ಇನ್ನೊಂದು ಗೇರ್ ಬೇಕೆಂದು ಅವರು ಹೇಳಿದಂತೆ ಬೆಂಜ್ ಅದನ್ನು ಸೇರಿಸಿದರು.

ದಾರಿಯುದ್ದಕ್ಕೂ ಆಗಾಗ ಓಯ್‌ಗನ್ ಕೂಡ ಗಾಡಿಯ ಹಿಡಿ ಹಿಡಿದಿದ್ದ. ನಮ್ಮ ದೇಶದಲ್ಲಿ ಇಂದು ಹಾಗೆ ಮಾಡಿದರೆ, 2019ರ ತಿದ್ದುಪಡಿಯ ಪ್ರಕಾರ, ತಾಯಿಗೇ 25,000 ರೂಪಾಯಿ ದಂಡ ಮತ್ತು ಮೂರು ವರ್ಷದವರೆಗೆ ಸಜೆ ಆಗಬಹುದು! ಈ ಪ್ರಯಾಣವನ್ನು ಬರೇ ಸಾಹಸವೆಂದು ಹೇಳುವುದುಂಟು. ನನಗೆ ಹಾಗನ್ನಿಸುವುದಿಲ್ಲ. ತನ್ನ ವರದಕ್ಷಿಣೆ, ಹದಿನಾರು ವರ್ಷದ ಸಂಸಾರ, ಮಕ್ಕಳ ಮುಂದಿನ ದಿನಗಳು ಎಲ್ಲವೂ ಮಾರಾಟವಾಗದೆ ಕೊಟ್ಟಿಗೆಯಲ್ಲಿ ನಿಂತ ಆ ಗಾಡಿಯಲ್ಲೇ ಸಿಕ್ಕಿಕೊಂಡಿದ್ದವು. ಅದು ಬಳಕೆಗೆ ಬರುತ್ತದೆ ಎಂದು ಯಾರಾದರೂ ತೋರಿಸಲೇಬೇಕಿತ್ತು. ಅದೇ ವರ್ಷ ಮ್ಯೂನಿಕ್‌ನ ಪ್ರದರ್ಶನದಲ್ಲಿ ಬೆಂಜ್ ಗಾಡಿಗೆ ಚಿನ್ನದ ಪದಕ ದೊರೆಯಿತು.

ಮಾರಾಟ ಮೊದಲು ಕುದುರಿದ್ದು ಜರ್ಮನಿಯಲ್ಲಲ್ಲ, ಫ್ರಾನ್ಸಿನಲ್ಲಿ. ಎಮಿಲ್ ರೋಜೆ ಎಂಬವರು ಪ್ಯಾರಿಸ್‌ನಲ್ಲಿ ಬೆಂಜ್ ಗಾಡಿಗಳನ್ನು ಮಾರುತ್ತಿದ್ದರು. ಅಲ್ಲಿ ಮೋಟಾರು ಗಾಡಿಗಳು ಹೆಚ್ಚಾದಂತೆ ಯಾವ ಗಾಡಿ ಯಾರದು, ಯಾರಿಗೆ ಗುದ್ದಿ ಓಡಿತು ಎಂದು ತಿಳಿಯುವುದೇ ಪೊಲೀಸರಿಗೆ ತಲೆನೋವಾಯಿತು. ಕುದುರೆಗಾಡಿಯಾದರೆ ಊರಿನವರಿಗೆ ಗುರುತು ಇರುತ್ತಿತ್ತು. ಈ ಗಾಡಿ ನಿಮಿಷದಲ್ಲಿ ಊರು ದಾಟುತ್ತಿತ್ತು. 1893ರ ಆಗಸ್ಟ್ 14ರಂದು ಪ್ಯಾರಿಸ್‌ನ ಪೊಲೀಸ್ ಇಲಾಖೆ ಆಜ್ಞೆ ಹೊರಡಿಸಿತು: ಪ್ರತಿಯೊಂದು ಮೋಟಾರು ವಾಹನದ ಎಡಬದಿಯಲ್ಲಿ ಲೋಹದ ಫಲಕವಿರಬೇಕು, ಅದರಲ್ಲಿ ಮಾಲೀಕನ ಹೆಸರು, ವಿಳಾಸ, ಅನುಮತಿಯ ಸಂಖ್ಯೆ ಓದುವಂತೆ ಬರೆದಿರಬೇಕು, ಅದನ್ನು ಎಂದಿಗೂ ಮರೆಮಾಡಬಾರದು. ನಂಬರ್ ಪ್ಲೇಟಿನ ಹುಟ್ಟು ಇದು. 1898ರಲ್ಲಿ ನೆದರ್ಲೆಂಡ್ಸ್ ಇಡೀ ದೇಶಕ್ಕೆ ಒಂದೇ ಸಂಖ್ಯಾಕ್ರಮ ತಂದಿತು. ಬ್ರಿಟನ್ನಿನಲ್ಲಿ 1903ರ ಮೋಟಾರು ಕಾರು ಕಾಯಿದೆಯಂತೆ 1904ರ ಜನವರಿ 1ರಿಂದ ನೋಂದಣಿ ಕಡ್ಡಾಯವಾಯಿತು. ಜರ್ಮನಿ 1906-07ರಲ್ಲಿ ಇಡೀ ಸಾಮ್ರಾಜ್ಯಕ್ಕೆ ಒಂದು ಪದ್ಧತಿ ಮಾಡಿತು. ಪ್ರಷ್ಯಕ್ಕೆ ರೋಮನ್ ಅಂಕಿ ಒಂದು, ಬವೇರಿಯಕ್ಕೆ ಎರಡು, ವ್ಯುರ್ಟೆಂಬರ್ಗ್‌ಗೆ ಮೂರು. ಬೆಂಜ್ ಅವರ ಬಾಡೆನ್‌ಗೆ ಸಿಕ್ಕಿದ್ದು ನಾಲ್ಕು, ಜೊತೆಗೆ ಬಿ ಅಕ್ಷರ. ಭಾರತದಲ್ಲಿ 1914ರ ಕಾಯಿದೆ, ಆಮೇಲೆ 1939ರದು, ಈಗಿರುವುದು 1988ರದು. ನಮ್ಮ ಆರ್.ಸಿ. ಪುಸ್ತಕದಲ್ಲಿ ಎಂಜಿನ್ ನಂಬರ್, ಚಾಸಿ ನಂಬರ್, ಮಾಲೀಕನ ಹೆಸರು ಒಟ್ಟಿಗೇ ಇರುವುದು ಪ್ಯಾರಿಸ್ ಪೊಲೀಸರನ್ನು ಕಾಡಿದ ಅದೇ ಪ್ರಶ್ನೆಗೆ ಉತ್ತರವಾಗಿ.

ಬಾಡೆನ್‌ನ ಅಧಿಕಾರಿಗಳು ವೇಗದ ಮಿತಿಯನ್ನೂ ಹೇರಿದ್ದರು: ಊರೊಳಗೆ ಗಂಟೆಗೆ 6 ಕಿ.ಮೀ., ಹೊರಗೆ 12. ಇದರಿಂದ ಪಾರಾದ ಬಗೆಯನ್ನು ಬೆಂಜ್ ಆತ್ಮಕಥೆಯಲ್ಲಿ ನಗುತ್ತಾ ಹೇಳಿಕೊಂಡಿದ್ದಾರೆ. ಸಂಸ್ಥಾನದ ಮಂತ್ರಿಗಳನ್ನು ಗಾಡಿಯಲ್ಲಿ ಸುತ್ತಾಡಲು ಕರೆದರು. ನಿಯಮದಂತೆ ನಿಧಾನವಾಗಿಯೇ ಓಡಿಸಲು ಚಾಲಕನಿಗೆ ಹೇಳಿದರು. ಮೊದಲೇ ಮಾತಾಡಿಟ್ಟಂತೆ ಹಾಲಿನ ಗಾಡಿಯವನೊಬ್ಬ ತನ್ನ ಕುದುರೆಯನ್ನು ಓಡಿಸುತ್ತಾ ಅವರನ್ನು ಹಿಂದಿಕ್ಕಿ ಗೇಲಿ ಮಾಡಿದ. ಮಂತ್ರಿಗಳಿಗೆ ಸಿಟ್ಟು ಬಂದು ಬೇಗ ಓಡಿಸಲು ಹೇಳಿದರು. ತಮ್ಮದೇ ಸರಕಾರದ ಆಜ್ಞೆ ಅಡ್ಡ ಬರುತ್ತದೆ ಎಂದು ಅವರಿಗೆ ವಿನಯದಿಂದ ತಿಳಿಸಲಾಯಿತು. ಹಾಲಿನವನನ್ನು ಹಿಂದೆ ಹಾಕಲು ಮಂತ್ರಿಗಳು ಆ ಕೂಡಲೇ ವಿನಾಯಿತಿ ಕೊಟ್ಟರಂತೆ.

1893ರಲ್ಲಿ ಬಂದ ವಿಕ್ಟೋರಿಯಾ ಬೆಂಜ್ ಅವರ ಮೊದಲ ನಾಲ್ಕು ಚಕ್ರದ ಮಾದರಿ. ಮುಂದಿನ ಎರಡು ಚಕ್ರಗಳನ್ನು ಒಟ್ಟಿಗೆ ತಿರುಗಿಸುವ ತೊಡಕನ್ನು ಬಿಡಿಸಿ ಆ ವರ್ಷವೇ ಪೇಟೆಂಟ್ ಪಡೆದರು. 1894ರಲ್ಲಿ ಬೊಹೆಮಿಯದ ಬ್ಯಾರನ್ ತಿಯೊಡೋರ್ ಫಾನ್ ಲೀಬಿಗ್ ಈ ಮಾದರಿಯಲ್ಲಿ ರೈಕನ್‌ಬೆರ್ಗ್‌ನಿಂದ ಮ್ಯಾನ್‌ಹೈಮ್ ಮೂಲಕ ಮೋಸೆಲ್ ನದಿ ತೀರದ ಗೊಂಡೊರ್ಫ್‌ವರೆಗೆ 939 ಕಿ.ಮೀ. ಪ್ರಯಾಣ ಮಾಡಿದರು. ಖರ್ಚಾದದ್ದು ಸುಮಾರು 140 ಲೀಟರ್ ಪೆಟ್ರೋಲ್, ತಣಿಸಲು ಸುಮಾರು 1,500 ಲೀಟರ್ ನೀರು! ಅದೇ ವರ್ಷ ಬಂದ ಪುಟ್ಟ ವೆಲೊ ಮಾದರಿ ಇನ್ನೂ ದೊಡ್ಡ ಹೆಜ್ಜೆ. 1902ರೊಳಗೆ ಸುಮಾರು 1,200 ವೆಲೊಗಳು ತಯಾರಾದವು. ಒಂದೇ ಅಚ್ಚಿನಲ್ಲಿ ಇಷ್ಟು ಸಂಖ್ಯೆಯಲ್ಲಿ ಹೊರಬಂದ ಮೊದಲ ಕಾರು ಅದು. 1895ರ ಮಾರ್ಚ್‌ನಲ್ಲಿ ಝೀಗನ್ ಪ್ರದೇಶದಲ್ಲಿ ಬೆಂಜ್ ಗಾಡಿಯೊಂದು ಪ್ರಯಾಣಿಕರನ್ನು ಹೊತ್ತು ನಿಗದಿತ ದಾರಿಯಲ್ಲಿ ಓಡತೊಡಗಿತು. ಜಗತ್ತಿನ ಮೊದಲ ಮೋಟಾರು ಬಸ್. ನಮ್ಮ ಸರ್ವಿಸ್ ಬಸ್ಸುಗಳ ಮುತ್ತಜ್ಜ ಎನ್ನಬಹುದು. 1899ರಲ್ಲಿ 572 ವಾಹನಗಳನ್ನು ತಯಾರಿಸಿದ ಬೆಂಜ್ ಕಂಪೆನಿ ಜಗತ್ತಿನಲ್ಲೇ ದೊಡ್ಡದಾಗಿತ್ತು.

ಇಲ್ಲಿಂದ ಮುಂದೆ ಇಳಿಜಾರು. ಡೈಮ್ಲರ್ ಕಂಪೆನಿ 1901ರಲ್ಲಿ ಮರ್ಸಿಡಿಸ್ ಎಂಬ 35 ಕುದುರೆ ಶಕ್ತಿಯ ತಗ್ಗಾದ, ಉದ್ದನೆಯ ಕಾರನ್ನು ತಂದಾಗ ಬೆಂಜ್ ಗಾಡಿಗಳು ಹಳೆಯ ಕಾಲದವಾಗಿ ಕಂಡವು. ಅತಿವೇಗ ಬೆಂಜ್ ಅವರಿಗೆ ಹಿಡಿಸುತ್ತಿರಲಿಲ್ಲ. ಗಾಡಿ ಗಟ್ಟಿಯಾಗಿರಬೇಕು, ನಂಬುವಂತಿರಬೇಕು, ಅಷ್ಟು ಸಾಕು ಎನ್ನುವ ಹಟ ಅವರದು. ಕಂಪೆನಿಯವರು ಅವರನ್ನು ಬಿಟ್ಟು ಫ್ರಾನ್ಸಿನ ವಿನ್ಯಾಸಕಾರರನ್ನು ಕರೆಸಿದರು. 1903ರ ಜನವರಿಯಲ್ಲಿ ಬೆಂಜ್ ಆಡಳಿತದಿಂದ ಹೊರಬಂದರು, ಮೇಲ್ವಿಚಾರಣಾ ಮಂಡಳಿಯಲ್ಲಿ ಮಾತ್ರ ಉಳಿದರು. ಅವರ ಹೆಸರಿನ ಕಂಪೆನಿ 1909ರಲ್ಲಿ 21.5 ಲೀಟರಿನ ದೈತ್ಯ ಎಂಜಿನ್ ಇಟ್ಟು ಬ್ಲಿಟ್ಜೆನ್ ಬೆಂಜ್ ಎಂಬ ಓಟದ ಕಾರು ಕಟ್ಟಿತು. 1911ರಲ್ಲಿ ಅಮೆರಿಕದ ಡೇಟೋನದ ಮರಳಿನಲ್ಲಿ ಅದು ಗಂಟೆಗೆ 228 ಕಿ.ಮೀ. ವೇಗ ಮುಟ್ಟಿತು. ವೇಗವನ್ನು ಅನುಮಾನಿಸಿದವರ ಹೆಸರೇ ಅಂದಿನ ಅತಿವೇಗದ ಕಾರಿನ ಮೇಲೆ ಕುಳಿತದ್ದು ವಿಚಿತ್ರವೇ ಸರಿ.

ಬೆಂಜ್ ದಂಪತಿ ನೆಕ್ಕರ್ ನದಿ ತೀರದ ಲಾಡೆನ್‌ಬರ್ಗ್ ಎಂಬ ಪುಟ್ಟ ಊರಿಗೆ ಬಂದು ನೆಲೆಸಿದರು. 1906ರಲ್ಲಿ ಸ್ಥಾಪಿಸಿದ ಕಾರ್ಲ್ ಬೆಂಜ್ ಆಂಡ್ ಸನ್ಸ್ ಕಂಪೆನಿಯನ್ನು ಓಯ್‌ಗನ್ ಮತ್ತು ರಿಚರ್ಡ್ ನಡೆಸಿದರು. ತಾಯಿಯೊಂದಿಗೆ ಏರಿನಲ್ಲಿ ಗಾಡಿ ನೂಕಿದ ಹುಡುಗರು ಇವರೇ. ಆ ಕಂಪೆನಿ 1923ರಲ್ಲಿ ಕಾರು ತಯಾರಿಕೆ ನಿಲ್ಲಿಸಿತು. ಮರುವರ್ಷ ತಂದೆಯ ಬಳಕೆಗೆಂದು ಇನ್ನೆರಡು ಕಾರು ಕಟ್ಟಲಾಯಿತು. ಅವನ್ನು ಬೆಂಜ್ ಮಾರಲಿಲ್ಲ. 1914ರಲ್ಲಿ, ತಾನು ಓದಿದ ಕಾರ್ಲ್ಸ್‌ರೂಹೆಯ ವಿದ್ಯಾಲಯದಿಂದಲೇ ಎಪ್ಪತ್ತನೆಯ ಹುಟ್ಟುಹಬ್ಬದಂದು ಗೌರವ ಡಾಕ್ಟರೇಟ್ ಸಿಕ್ಕಿತು. ಮೊದಲ ಮಹಾಯುದ್ಧದ ನಂತರದ ಹಣದುಬ್ಬರದಲ್ಲಿ ಜರ್ಮನಿಯ ಕಾರು ಕಂಪೆನಿಗಳೆಲ್ಲ ತತ್ತರಿಸಿದವು. 1926ರ ಜೂನ್ 28ರಂದು ಬೆಂಜ್ ಮತ್ತು ಡೈಮ್ಲರ್ ಕಂಪೆನಿಗಳು ಒಂದಾದವು. ಮರ್ಸಿಡಿಸ್-ಬೆಂಜ್ ಎಂಬ ಹೆಸರು ಬಂದದ್ದು ಆಗ.

ಕಾರ್ಲ್ ಬೆಂಜ್ 1929ರ ಏಪ್ರಿಲ್ 4ರಂದು, ಪುನರುತ್ಥಾನ ಹಬ್ಬದ ವಾರದ ಗುರುವಾರ, ಲಾಡೆನ್‌ಬರ್ಗ್‌ನ ಮನೆಯಲ್ಲಿ ತೀರಿಕೊಂಡರು. ವಯಸ್ಸು 84. ಎರಡು ತಿಂಗಳ ಹಿಂದೆ, ಫೆಬ್ರವರಿ 11ರಂದು, ಲಾತೆರಾನ್ ಒಪ್ಪಂದಕ್ಕೆ ಸಹಿ ಬಿದ್ದು ವ್ಯಾಟಿಕನ್ ನಗರ ರಾಷ್ಟ್ರ ರೂಪುಗೊಳ್ಳಲು ದಾರಿಯಾಗಿತ್ತು. ಹೊಸ ರಾಷ್ಟ್ರಕ್ಕೆ ತನ್ನದೇ ಅಂಚೆ, ತನ್ನದೇ ನಾಣ್ಯದ ಜೊತೆಗೆ ತನ್ನದೇ ವಾಹನ ನೋಂದಣಿಯೂ ಬಂತು. ಎಸ್.ಸಿ.ವಿ. ಎಂಬ ಅಕ್ಷರಗಳ ಫಲಕ ಅದರದು. 1930ರಲ್ಲಿ ಮರ್ಸಿಡಿಸ್-ಬೆಂಜ್ ಕಂಪೆನಿ ನ್ಯೂರ್‌ಬುರ್ಗ್ 460 ಮಾದರಿಯ ಕಾರನ್ನು ಜಗದ್ಗುರು ಹನ್ನೊಂದನೆಯ ಪಯಸ್ ಅವರಿಗೆ ಅರ್ಪಿಸಿತು. 1960ರಲ್ಲಿ ಸಂತ ಇಪ್ಪತ್ತಮೂರನೆಯ ಜಾನ್ ಅವರಿಗೆ, 1965ರಲ್ಲಿ ಸಂತ ಆರನೆಯ ಪೌಲ್ ಅವರಿಗೆ ಅದೇ ಕಂಪೆನಿಯ ಕಾರುಗಳು ಬಂದವು.

ಬರ್ತಾ ಇನ್ನೂ ಹದಿನೈದು ವರ್ಷ ಬದುಕಿದರು. ಎರಡನೆಯ ಮಹಾಯುದ್ಧ ನಡೆಯುತ್ತಿದ್ದಾಗ, 1944ರ ಮೇ 3ರಂದು, ಅವರ 95ನೆಯ ಹುಟ್ಟುಹಬ್ಬದಂದು ಕಾರ್ಲ್ಸ್‌ರೂಹೆಯ ವಿದ್ಯಾಲಯ ಅವರಿಗೂ ಗೌರವ ಸೆನೆಟರ್ ಬಿರುದು ನೀಡಿತು. ಎರಡು ದಿನಗಳಲ್ಲಿ, ಮೇ 5ರಂದು, ಗಂಡ ತೀರಿಕೊಂಡ ಮನೆಯಲ್ಲಿಯೇ ಅವರೂ ಕಣ್ಮುಚ್ಚಿದರು. 1888ರಲ್ಲಿ ಅವರು ಹೋದ ದಾರಿಯನ್ನು 2008ರಲ್ಲಿ ಬರ್ತಾ ಬೆಂಜ್ ಸ್ಮಾರಕ ಮಾರ್ಗವೆಂದು ಗುರುತಿಸಿ ಫಲಕಗಳನ್ನು ನೆಡಲಾಗಿದೆ. ಲಾಡೆನ್‌ಬರ್ಗ್‌ನ ಹಳೆಯ ಕಾರ್ಖಾನೆ ಈಗ ಕಾರುಗಳ ಸಂಗ್ರಹಾಲಯವಾಗಿದೆ. ಮೊದಲ ಮೂರು ಚಕ್ರದ ಗಾಡಿ ಮ್ಯೂನಿಕ್‌ನ ಡಾಯ್ಚಸ್ ಮ್ಯೂಸಿಯಂನಲ್ಲಿದೆ.